ಗಾಣ ಹಾಕಲು ಕೆಲಸ ಬಿಡಲೇ? ಯುಗಾದಿ ಆದ ಮೇಲೋ, ವರ್ಷದ ಕೊನೆಗೋ?

ಪ್ರಶ್ನೆ: ನನಗೆ 36 ವರ್ಷ. ಊರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ, ಸೇರಿ 9 ವರ್ಷ 2 ತಿಂಗಳಾಯಿತು. ಸೇರುವಾಗ ಬೇಸಿಕ್ 12,500 ಇತ್ತು, ಈಗ 24,000. ಕೈಗೆ 46,000 ಬರುತ್ತದೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, 14,000 ಸಂಬಳ. ಇಬ್ಬರು ಮಕ್ಕಳು, ಜೊತೆಗೆ ಸಕ್ಕರೆ ಕಾಯಿಲೆಯ ತಾಯಿ. ಎರಡು ವರ್ಷದಿಂದ ಊರಿನ ಗಾಣದಿಂದ ಶೇಂಗಾ ಎಣ್ಣೆ ತಂದು, ಕ್ಯಾನಿನಿಂದ ಅವರವರ ಡಬ್ಬಕ್ಕೆ ಸುರಿದು ನಮ್ಮ ಬೀದಿಯ 16 ಮನೆಗೆ ಕೊಡುತ್ತಿದ್ದೇನೆ. ತಿಂಗಳಿಗೆ 40 ಲೀಟರ್ ಹೋಗುತ್ತದೆ. ಹೊಸ ಮ್ಯಾನೇಜರ್ ಬಂದಮೇಲೆ ದಿನವೂ ಎಲ್ಲರೆದುರು ಬೈಸಿಕೊಳ್ಳುವುದಾಗಿದೆ. ಉಳಿತಾಯ 4 ಲಕ್ಷ ಇದೆ, ಗಾಣಕ್ಕೆ 2 ಲಕ್ಷ 40 ಸಾವಿರದ ಕೊಟೇಷನ್ ತೆಗೆಸಿದ್ದೇನೆ. ಯುಗಾದಿ ಆದಮೇಲೆ ಪೇಪರ್ ಹಾಕಿ ಊರಿಗೆ ಹೋಗೋಣ ಅಂತ. ಹೆಂಡತಿ ಬೇಡ ಅನ್ನುತ್ತಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಿಲ್ಲ. ಸರಿಯೋ ತಪ್ಪೋ ಹೇಳಿ.

ಉತ್ತರ: ಗಾಣ ಹಾಕುವುದು ತಪ್ಪಲ್ಲ. ಯುಗಾದಿಗೆ ಹಾಕುವುದು ತಪ್ಪು. ಇನ್ನು ಹತ್ತು ತಿಂಗಳು ತಡೆಯಿರಿ. ಹತ್ತೇ ಏಕೆ ಅಂತ ಒಂದೊಂದಾಗಿ ಹೇಳುತ್ತೇನೆ, ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಮೊದಲು ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆಯಿರಿ. ಅದರಲ್ಲಿ ಪೆನ್ಷನ್ನಿನ ಕಾಲಂ ಬೇರೆಯೇ ಇರುತ್ತದೆ. ಕಂಪನಿ ಕಟ್ಟುವ ಪಾಲಿನಿಂದ ತಿಂಗಳಿಗೆ 1,250 ರೂಪಾಯಿವರೆಗೆ ಅಲ್ಲಿಗೆ ಹೋಗುತ್ತದೆ. 2014ರ ಸೆಪ್ಟೆಂಬರ್ ನಂತರ ಸೇರುವಾಗಲೇ 15,000ಕ್ಕಿಂತ ಹೆಚ್ಚು ಸಂಬಳ ಇದ್ದವರಿಗೆ ಈ ಪೆನ್ಷನ್ ಇಲ್ಲ. ನೀವು ಸೇರುವಾಗ ಬೇಸಿಕ್ 12,500 ಇದ್ದುದರಿಂದ ನಿಮಗೆ ಇರಲೇಬೇಕು. ಆದರೂ ಪ್ರತಿ ತಿಂಗಳೂ ಜಮೆ ಆಗಿದೆಯೇ ನೋಡಿಕೊಳ್ಳಿ. ಹತ್ತು ವರ್ಷದ ಸೇವೆ ತುಂಬಿದರೆ 58ರ ನಂತರ ಪೆನ್ಷನ್ ನಿಮ್ಮ ಹಕ್ಕು. ಅಂಥ ದೊಡ್ಡ ಮೊತ್ತವೇನಲ್ಲ. ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಸಂಬಳವಾದ 15,000ವನ್ನು ಸೇವೆಯ ಹತ್ತು ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 2,140 ರೂಪಾಯಿ ಚಿಲ್ಲರೆ. ಆದರೆ ಅದು ನಿಮಗೆ ಜೀವನಪೂರ್ತಿ ಬರುತ್ತದೆ, ನಿಮ್ಮ ನಂತರ ಹೆಂಡತಿಗೆ ಅದರ ಒಂದು ಪಾಲು ಬರುತ್ತದೆ. ಸ್ವಂತ ಉದ್ಯೋಗಕ್ಕೆ ಇಳಿದವರು ಇಂಥದ್ದನ್ನು ತಾವೇ ದುಡ್ಡು ಕಟ್ಟಿ ಮಾಡಿಕೊಳ್ಳಬೇಕು. ಕೆಲಸ ಬಿಟ್ಟ ಮೇಲೆ ಸೇವಾವಧಿಗೆ ದಾಖಲೆಯಾಗಿ ಪಿಎಫ್ ಕಚೇರಿ ಕೊಡುವ ಸ್ಕೀಮ್ ಸರ್ಟಿಫಿಕೇಟ್ ತೆಗೆದಿಡಿ. ಪಿಎಫ್ ಹಣವನ್ನು ಮಾತ್ರ ಗಾಣಕ್ಕೆ ಸುರಿಯಬೇಡಿ.

ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚುಯಿಟಿಯ ಲೆಕ್ಕವೂ ಇದೇ ದಾರಿಯದು. ಕೊನೆಯ ಬೇಸಿಕ್ ಮತ್ತು ಡಿಎ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಬೇಸಿಕ್ ಒಂದನ್ನೇ ಹಿಡಿದರೆ ಈಗ ನಿಮಗೆ 9 ವರ್ಷಕ್ಕೆ ಸುಮಾರು 1,24,600, ಹತ್ತಕ್ಕೆ 1,38,400. ಈ ಹಣ ಎಲ್ಲಿಗೆ ಅಂತ ಮುಂದೆ ಹೇಳುತ್ತೇನೆ.

ಈಗ ಎಣ್ಣೆಗೆ ಬರೋಣ. ಮರದ ಗಾಣದಲ್ಲಿ ಶೇಂಗಾ ಬೀಜದಿಂದ ತೂಕದ ನೂರಕ್ಕೆ ನಲವತ್ತರಷ್ಟು ಎಣ್ಣೆ ಬರುತ್ತದೆ ಅಂತ ಹಿಡಿಯಿರಿ. ಒಳ್ಳೆಯ ಬೀಜವಾದರೆ ಸ್ವಲ್ಪ ಮೇಲೆ. ಒಂದು ಲೀಟರ್ ಎಣ್ಣೆ ತೂಗುವುದು 910 ಗ್ರಾಂ. ಅಂದರೆ ಲೀಟರಿಗೆ 2.3 ಕಿಲೋ ಬೀಜ ಬೇಕು. ಬೀಜ ಕಿಲೋಗೆ 120 ಅಂದುಕೊಂಡರೆ 276 ರೂಪಾಯಿ. ಉಳಿದ 1.3 ಕಿಲೋ ಹಿಂಡಿ ಕಿಲೋಗೆ 40ರಂತೆ ಹೋದರೆ 52 ವಾಪಸ್. ಬೀಜಕ್ಕೆ ನಿವ್ವಳ 224 ಆಯಿತು. ಬಾಟಲಿ, ಲೇಬಲ್, ಕರೆಂಟು, ಆಳು, ಸಾಗಣೆಗೆ 36 ಸೇರಿಸಿ. 260 ಬಿತ್ತು. 340ಕ್ಕೆ ಮಾರಿದರೆ ಲೀಟರಿಗೆ 80 ಉಳಿಯುತ್ತದೆ. ಈ ದರಗಳನ್ನು ನಾನು ಉದಾಹರಣೆಗೆ ಹಿಡಿದದ್ದು, ನಿಮ್ಮ ಎಪಿಎಂಸಿಯ ಇವತ್ತಿನ ದರ ಹಾಕಿ ಮತ್ತೆ ಮಾಡಿ.

ಮನೆ ನಡೆಯಲು ತಿಂಗಳಿಗೆ 40,000 ಬೇಕೆಂದರೆ 500 ಲೀಟರ್ ಹೋಗಬೇಕು. ಮನೆಗೆ ಮೂರು ಲೀಟರಿನಂತೆ 170 ಮನೆ. ನಿಮ್ಮ ಹತ್ತಿರ ಇರುವುದು 16. ಯಂತ್ರಕ್ಕೆ ಇದು ಕಷ್ಟವಲ್ಲ, ಒಂದು ಸಲಕ್ಕೆ 12 ಕಿಲೋ ಹಿಡಿಯುವ ಗಾಣ ದಿನಕ್ಕೆ ನಾಲ್ಕು ಸಲ ತಿರುಗಿದರೆ ಸಾಕು. ಕಷ್ಟ ಇರುವುದು ಉಳಿದ 154 ಮನೆಯಲ್ಲಿ.

ನಾನು ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಸಣ್ಣ ಉದ್ದಿಮೆಗಳ ಸಾಲದ ಅರ್ಜಿ ನೋಡಿದವನು. ಒಮ್ಮೆ ಬೆಳಿಗ್ಗೆ ಆರಕ್ಕೇ ಒಂದು ಗಾಣಕ್ಕೆ ಹೋಗಿದ್ದೆ. ಅಣ್ಣ ಒರಳಿಗೆ ಬೀಜ ಸುರಿಯುತ್ತಿದ್ದ, ತಮ್ಮ ಬಟ್ಟೆ ಕಟ್ಟಿದ ಸ್ಟೀಲ್ ಕೊಳಗದ ಮುಂದೆ ಕೂತಿದ್ದ. ಅವರ ಪ್ರಾಜೆಕ್ಟ್ ರಿಪೋರ್ಟನ್ನು ಯಾರೋ ಆಡಿಟರ್ ಚೆಂದವಾಗಿ ಬರೆದುಕೊಟ್ಟಿದ್ದರು. ನಾನು ಅದನ್ನು ಮಡಚಿಟ್ಟು, ಗೋಡೆಯ ಮೊಳೆಗೆ ದಾರದಲ್ಲಿ ನೇತುಹಾಕಿದ್ದ ಎಣ್ಣೆಗಲೆಯ ನೋಟ್‌ಬುಕ್ ತೆಗೆದೆ. ಮನೆಯವರ ಹೆಸರು, ಒಯ್ದ ತಾರೀಖು, ಲೀಟರು. ಒಂದೇ ಹೆಸರು ತಿಂಗಳು ತಿಂಗಳೂ ಬಂದಿತ್ತು. ನಡುವೆ ನಿಂತುಹೋದ ಹೆಸರಿನ ಮುಂದೆ ಯಾಕೆ ಅಂತ ಬರೆದಿದ್ದರು: ‘ವಾಸನೆ ಬಂತಂತೆ’, ‘ಮನೆ ಬದಲು’, ‘ರೇಟು’. ಸಾಲ ಮಂಜೂರು ಮಾಡಲು ನನಗೆ ಆ ನೋಟ್‌ಬುಕ್ಕೇ ಸಾಕಾಯಿತು. ನೀವು ಇವತ್ತೇ ಅಂಥದ್ದೊಂದು ಶುರುಮಾಡಿ. ಮೊದಲ ಬಾಟಲಿಯನ್ನು ಜನ ಪರಿಚಯಕ್ಕೆ ಕೊಳ್ಳುತ್ತಾರೆ. ನೀವು ಕೇಳದೆ ಅವರೇ ಫೋನ್ ಮಾಡಿ ಮೂರನೆಯದನ್ನು ತರಿಸಿಕೊಂಡರೆ ಮಾತ್ರ ಆ ಮನೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಹತ್ತು ತಿಂಗಳಲ್ಲಿ ಅಂಥ 80 ಮನೆ ಆದರೆ ಪೇಪರ್ ಹಾಕಿ. ಬರೀ 35 ಆದರೆ ಹಾಕಬೇಡಿ. ಆಗ ನಿಮ್ಮದು ಒಳ್ಳೆಯ ಮೇಲ್ಸಂಪಾದನೆ, ಅದನ್ನು ಹಾಗೇ ಮುಂದುವರಿಸಿ.

ಊರಿಗೆ ಹೋಗುವ ಮಾತು ನನಗೆ ಚಿಂತೆ ತಂದಿದೆ. ಚಳ್ಳಕೆರೆಯನ್ನು ಜನ ಎಣ್ಣೆ ನಗರ ಅಂತಲೇ ಕರೆಯುವುದು. ಮಿಲ್ಲುಗಳ ಊರಿನಲ್ಲಿ ಲೀಟರಿಗೆ 340 ಕೊಡುವ 170 ಮನೆ ಹುಡುಕುವುದು ಸುಲಭವಲ್ಲ. ಬೀಜ ಅಲ್ಲಿದೆ, ಗಿರಾಕಿ ಬೆಂಗಳೂರಿನಲ್ಲಿದ್ದಾನೆ. ಗಾಣ ಊರಲ್ಲಿ ಹಾಕಿದರೂ ವಾರಕ್ಕೊಮ್ಮೆ ಹಿರಿಯೂರಿನ ಮೇಲೆ ಮಾಲು ಇಲ್ಲಿಗೆ ಬರಬೇಕು, ಇಲ್ಲಿ ಹಂಚಲು ಒಬ್ಬರು ನಂಬಿಕಸ್ಥರು ಬೇಕು. ಮೊದಲ ವರ್ಷ ಹೆಂಡತಿ, ಮಕ್ಕಳು ಇಲ್ಲೇ ಇರಲಿ, 14,000 ನಿಲ್ಲದಿರಲಿ. ಗಡಿಯಾಚೆಯ ರಾಯದುರ್ಗಕ್ಕೂ ಕೊಡೋಣ ಎಂಬ ಆಸೆ ಬಂದರೆ ಒಂದು ಮಾತು ನೆನಪಿರಲಿ. ರಾಜ್ಯದೊಳಗೆ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ಬೇರೆ ರಾಜ್ಯಕ್ಕೆ ಒಂದು ಡಬ್ಬ ಮಾರಿದರೂ ಬೇಕು.

ಇನ್ನೊಂದನ್ನು ಖಡಾಖಂಡಿತವಾಗಿ ಹೇಳಬೇಕು. ಕ್ಯಾನಿನಿಂದ ಡಬ್ಬಕ್ಕೆ ಸುರಿದು ಕೊಡುವುದನ್ನು ಈ ವಾರವೇ ನಿಲ್ಲಿಸಿ. ಅಡುಗೆ ಎಣ್ಣೆಯನ್ನು ಬಿಡಿಯಾಗಿ ಮಾರಲು ಆಹಾರ ಸುರಕ್ಷತಾ ನಿಯಮ ಒಪ್ಪುವುದಿಲ್ಲ. ಸೀಲ್ ಮಾಡಿದ ಬಾಟಲಿ, ತೂಕ, ತಯಾರಿಕೆಯ ತಾರೀಖು, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ಸಂಖ್ಯೆ ಎಲ್ಲ ಬೇಕು. ಬೀಜವನ್ನೂ ಒದ್ದೆ ಇದ್ದಾಗ ಕೊಳ್ಳಬೇಡಿ. ತೇವ ಇದ್ದರೆ ಬೂಷ್ಟು, ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ. ಕ್ವಾಲಿಟಿ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಆ ಕಣ್ಣೇ ನಿಮ್ಮ ನಿಜವಾದ ಬಂಡವಾಳ.

ದುಡ್ಡಿನ ಬಂಡವಾಳಕ್ಕೆ ಬಂದರೆ, 500 ಲೀಟರಿಗೆ ತಿಂಗಳಿಗೆ 1,150 ಕಿಲೋ ಬೀಜ, ಅಂದರೆ 1,38,000 ರೂಪಾಯಿ ಬೇಕು. ಉಳಿತಾಯದಲ್ಲಿ ಗಾಣ ಕೊಂಡರೆ ಮಿಕ್ಕ 1,60,000 ಒಂದೇ ತಿಂಗಳ ಬೀಜಕ್ಕೆ, ಬಾಟಲಿ, ಆಳಿನ ಖರ್ಚಿಗೆ ಹೋಗುತ್ತದೆ. ಮನೆ ಖರ್ಚಿಗೆ ಏನೂ ಉಳಿಯುವುದಿಲ್ಲ. ಅಂಗಡಿಗೆ ಉದ್ದರಿ ಕೊಟ್ಟರಂತೂ ಕೈ ಪೂರ್ತಿ ಖಾಲಿ. ಅದಕ್ಕೇ ಗ್ರಾಚುಯಿಟಿ ಹಣ ಬೀಜಕ್ಕೆ, ಉಳಿತಾಯ ಆರು ತಿಂಗಳ ಮನೆ ಖರ್ಚಿಗೆ, ಯಂತ್ರಕ್ಕೆ ಸಾಲ ಎನ್ನುತ್ತೇನೆ. ಆದರೆ ಇಂಥ ಸಾಲದ ಜೊತೆಗೆ ಸಿಗುವ ಪ್ರಧಾನಮಂತ್ರಿ ಉದ್ಯೋಗ ಸೃಜನೆ ಯೋಜನೆಯ ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ. ಮೊದಲು ಗಾಣ ತಂದು ಆಮೇಲೆ ಅರ್ಜಿ ಹಾಕಿದವರನ್ನು ನಾನೇ ಬರಿಗೈಯಲ್ಲಿ ವಾಪಸ್ ಕಳಿಸಿದ್ದೇನೆ, ಪ್ರತಿ ಸಲವೂ ನೋವಾಗಿದೆ. ಆ ಯೋಜನೆಯಲ್ಲಿ ಹಳ್ಳಿಯಲ್ಲಿ ಹಾಕುವ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ವೆಚ್ಚದ ನೂರಕ್ಕೆ 25, ಮಹಿಳೆಯರಿಗೆ 35ರ ಸಬ್ಸಿಡಿ ನಿಗದಿಯಾಗಿದೆ. ಹೆಂಡತಿ ನಿಜವಾಗಿ ವ್ಯವಹಾರಕ್ಕೆ ಇಳಿಯುವುದಾದರೆ ಅವರ ಹೆಸರಿನಲ್ಲೇ ಹಾಕಿ. ಗಂಡ ಹೆಂಡತಿ ಸೇರಿ ಕುಟುಂಬಕ್ಕೆ ಒಂದೇ ಸಲ ಸಿಗುವುದು. ಕೊಟೇಷನ್ನಿಗೆ ಅಡ್ವಾನ್ಸ್ ಕೊಡುವ ಮೊದಲು ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಈಗಿನ ನಿಯಮ ಕೇಳಿಕೊಂಡು ಬನ್ನಿ.

ತಾಯಿಯವರ ವಿಷಯ. ಕಂಪನಿಯ ಗುಂಪು ವಿಮೆಯಲ್ಲಿ ಅವರ ಹೆಸರಿದ್ದರೆ ನೀವು ಕೆಲಸ ಬಿಟ್ಟಾಗ ಅದೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ವರ್ಗಾಯಿಸಿಕೊಂಡರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ರಾಜೀನಾಮೆ ಕೊಡುವ ಮೊದಲೇ ಎಚ್‌ಆರ್ ಮೂಲಕ ಕೇಳಿ. ಹೆಂಡತಿಯ ನಿದ್ದೆ ಕೆಡಿಸಿರುವುದು ಬಹುಶಃ ಇದೇ.

ಮ್ಯಾನೇಜರ್ ಬೈಗುಳ ಸಣ್ಣದೆಂದು ನಾನು ಹೇಳುತ್ತಿಲ್ಲ. ದಿನಾ ಅವಮಾನ ಉಂಡು ಮನೆಗೆ ಬರುವವನ ಹೊಟ್ಟೆಯ ಸಂಕಟ ನನಗೆ ಗೊತ್ತು. ಸಾಧ್ಯವಾದರೆ ಬೇರೆ ವಿಭಾಗಕ್ಕೋ ಬೇರೆ ಶಿಫ್ಟಿಗೋ ಬದಲಾವಣೆ ಕೇಳಿ. ಹತ್ತು ತಿಂಗಳ ನಡುವೆ ಅಕ್ಟೋಬರ್, ನವೆಂಬರಿನ ಶೇಂಗಾ ಸುಗ್ಗಿ ಬರುತ್ತದೆ. ದರ ಇಳಿದಾಗ ಎಷ್ಟು ಚೀಲ ಕೊಳ್ಳಬಹುದು, ಎಲ್ಲಿ ಇಡಬಹುದು ಎಂಬುದನ್ನು ಸಂಬಳ ಬರುತ್ತಿರುವಾಗಲೇ ನೋಡಿಕೊಳ್ಳಬಹುದು. ನೋಟ್‌ಬುಕ್ ಆರು ತಿಂಗಳು ತುಂಬಿದಾಗ ಮತ್ತೆ ಬರೆಯಿರಿ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಒಂದು ವರ್ಷದಿಂದ ಮನೆಯಲ್ಲೇ ಗ್ರಾಫಿಕ್ ಡಿಸೈನ್ ಮಾಡುತ್ತಿದ್ದೇನೆ. ಕೆಲಸಕ್ಕೆ ಕೊರತೆಯಿಲ್ಲ. ಆದರೆ ಪುಣೆಯ ಒಂದು ಕಂಪನಿ 85,000 ರೂಪಾಯಿ ಬಿಲ್ಲನ್ನು ಐದು ತಿಂಗಳಿಂದ ‘ಮುಂದಿನ ವಾರ’ ಅನ್ನುತ್ತಿದೆ. ಜೋರು ಮಾಡಿದರೆ ಗಿರಾಕಿ ಕೈಬಿಟ್ಟುಹೋಗಬಹುದೆಂಬ ಭಯ. ಮನೆಯಲ್ಲಿ ‘ಮತ್ತೆ ಕೆಲಸಕ್ಕೆ ಸೇರು’ ಅನ್ನುತ್ತಿದ್ದಾರೆ.

ಉತ್ತರ: ಐದು ತಿಂಗಳು ದುಡ್ಡು ಕೊಡದವರು ಗಿರಾಕಿಯಲ್ಲ ತಾಯಿ, ನಿಮ್ಮಿಂದ ಬಡ್ಡಿಯಿಲ್ಲದ ಸಾಲ ಪಡೆದವರು. ಹೆದರಬೇಡಿ.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ನಿಮಗೆ ಇದೆಯೇ? 2020ರ ಜುಲೈನಿಂದ ಜಾರಿಯಲ್ಲಿದೆ. ಆಧಾರ್ ಇದ್ದರೆ ಸರ್ಕಾರಿ ತಾಣದಲ್ಲಿ ನೀವೇ ಮಾಡಿಕೊಳ್ಳಬಹುದು, ಒಂದು ಪೈಸೆ ಶುಲ್ಕವಿಲ್ಲ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಈ ಕೆಲಸ ಒಪ್ಪಿಕೊಳ್ಳುವ ಮೊದಲೇ ಅದು ಇದ್ದಿದ್ದರೆ ಸಣ್ಣ ಉದ್ದಿಮೆಗಳಿಗೆಂದೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಬೆನ್ನಿಗಿದೆ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನದೊಳಗೆ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಸಣ್ಣ ಉದ್ದಿಮೆಗಳ ಬಾಕಿಗೆಂದೇ ಇರುವ ಸರ್ಕಾರಿ ತಾಣದಲ್ಲಿ ಕೊಡಬಹುದು, ಪುಣೆಗೆ ಅಲೆಯಬೇಕಿಲ್ಲ.

ದೂರಿಗಿಂತ ಮುಂಚೆ ಒಂದು ಇಮೇಲ್ ಬರೆಯಿರಿ. ನಿಮಗೆ ಕೆಲಸ ಕೊಟ್ಟವರಿಗಲ್ಲ, ಅಲ್ಲಿನ ಅಕೌಂಟ್ಸ್ ವಿಭಾಗಕ್ಕೆ. ಬಿಲ್ ಸಂಖ್ಯೆ, ತಾರೀಖು, ಉದ್ಯಮ್ ಸಂಖ್ಯೆ ಹಾಕಿ. ಸಣ್ಣ ಉದ್ದಿಮೆಗೆ ಹೊತ್ತಿಗೆ ಸರಿಯಾಗಿ ಕೊಡದ ಹಣವನ್ನು, ಕೊಡುವವರೆಗೆ ಕಂಪನಿ ತೆರಿಗೆ ಲೆಕ್ಕದಲ್ಲಿ ಖರ್ಚು ಎಂದು ತೋರಿಸುವಂತಿಲ್ಲ. ಅಕೌಂಟೆಂಟರಿಗೆ ಇದು ಚೆನ್ನಾಗಿ ಗೊತ್ತು. ಬಹಳ ಬಿಲ್ಲುಗಳು ಈ ಒಂದು ಪತ್ರಕ್ಕೇ ಕದಲುತ್ತವೆ.

ನೋಂದಣಿ ಇರಲಿಲ್ಲವೆಂದರೆ ಇವತ್ತೇ ಮಾಡಿಕೊಳ್ಳಿ, ಮುಂದಿನ ಕೆಲಸಗಳಿಗೆ ಆಗುತ್ತದೆ. ಇನ್ನುಮೇಲೆ ನೂರಕ್ಕೆ 40 ಮುಂಗಡ ಬರದೆ ಫೈಲ್ ತೆರೆಯಬೇಡಿ, ಬಾಕಿ ಬರದೆ ಮುದ್ರಣಕ್ಕೆ ಹೋಗುವ ಮೂಲ ಫೈಲ್ ಕಳಿಸಬೇಡಿ. ಹಳೆಯ ಬಾಕಿಗೆ ವಕೀಲರ ನೋಟಿಸ್ ದಾರಿ ಇದೆ. ಅದಕ್ಕೆ ಮೊದಲು ಆದಾಯ ತೆರಿಗೆ ತಾಣದಲ್ಲಿ ನಿಮ್ಮ ಪಾನ್ ಹಾಕಿ ಟಿಡಿಎಸ್ ವಿವರ ತೆರೆಯಿರಿ. ಆ ಕಂಪನಿ ನಿಮ್ಮ ಬಿಲ್ಲಿನ ಮೇಲೆ ತೆರಿಗೆ ಕಡಿತ ತೋರಿಸಿದ್ದರೆ, ಬಿಲ್ಲನ್ನು ತಮ್ಮ ಲೆಕ್ಕಕ್ಕೆ ತಾವೇ ಸೇರಿಸಿಕೊಂಡಿದ್ದಾರೆ ಎಂದರ್ಥ. ಆ ಪುಟವನ್ನು ಪ್ರಿಂಟ್ ತೆಗೆದು ನೋಟಿಸಿನ ಜೊತೆಗೆ ಲಗತ್ತಿಸಿ.