ಹತ್ತು ನಿಮಿಷದ ನಂಬರ್, ಹತ್ತು ವರ್ಷದ ಖಾತೆ

ಖಾತೆ ತೆರೆಯುವಾಗ ಸ್ವಂತ ಮೊಬೈಲ್ ನಂಬರಿನ ಬದಲು ತಾತ್ಕಾಲಿಕ ವರ್ಚುವಲ್ ನಂಬರ್ (ನಮ್ಮ ಕೈಯಲ್ಲಿ ಸಿಮ್ ಇಲ್ಲದೆ, ಜಾಲತಾಣದಲ್ಲಿ ಸ್ವಲ್ಪ ಹೊತ್ತಿಗೆ ಸಿಗುವ ನಂಬರ್) ಕೊಡಬಹುದೇ ಎಂದು ಹಲವು ಓದುಗರು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಉಚಿತವಾಗಿ ನಂಬರ್ ಕೊಡುವ ಜಾಲತಾಣಗಳಿವೆ. ಅಲ್ಲಿನ ನಂಬರ್ ಹಾಕಿ, ಬಂದ ಒಟಿಪಿಯನ್ನು ಅದೇ ಪುಟದಲ್ಲಿ ಓದಿಕೊಂಡರೆ ಖಾತೆ ಸಿದ್ಧ. ಇದರಲ್ಲಿ ಅಪಾಯವಿದೆಯೇ? (ದಾವಣಗೆರೆಯ ಓದುಗರು)

ಉತ್ತರ: ಇದೆ. ಒಟಿಪಿ ನಿಮಗೆ ಕಾಣಿಸಿದ ಪುಟ ಎಲ್ಲರಿಗೂ ಕಾಣಿಸುತ್ತದೆ. ಆ ನಂಬರಿಗೆ ಬಂದ ಪ್ರತಿಯೊಂದು ಸಂದೇಶವೂ ಅಲ್ಲಿ ಬಹಿರಂಗವಾಗಿ ಬೀಳುತ್ತದೆ, ಯಾವ ಕಂಪನಿಯಿಂದ ಬಂತು ಎಂಬುದೂ ಅದರಲ್ಲೇ ಬರೆದಿರುತ್ತದೆ. ನಾಳೆ ಯಾರೋ ಒಬ್ಬರು ಅದೇ ನಂಬರ್ ಹಾಕಿ ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದರೆ ಹೊಸ ಕೋಡ್ ಅದೇ ಪುಟಕ್ಕೆ ಬರುತ್ತದೆ. ಖಾತೆ ಅವರ ಪಾಲಾಗುತ್ತದೆ. ಇದಕ್ಕೆ ಹ್ಯಾಕಿಂಗ್ ವಿದ್ಯೆಯೇನೂ ಬೇಕಾಗಿಲ್ಲ.

ನಂಬರನ್ನು ಒಮ್ಮೆ ಕೊಟ್ಟು ಮರೆಯುವ ವಸ್ತು ಎಂದುಕೊಳ್ಳುವುದರಿಂದಲೇ ಈ ತೊಂದರೆ. ಬಹುತೇಕ ಕಂಪನಿಗಳ ಲೆಕ್ಕದಲ್ಲಿ ನಂಬರ್ ಯಾರ ಕೈಯಲ್ಲಿದೆಯೋ ಖಾತೆ ಅವರದು. ಹಾಗಾಗಿ ಬೇರೆಯವರು ತೆರೆದು ನೋಡಿದರೂ ನಿಮಗೆ ನಷ್ಟವಿಲ್ಲ ಎನ್ನುವಂಥ, ಹೆಸರು, ಫೋಟೊ, ಹಣ ಯಾವುದೂ ಇಲ್ಲದ ಖಾತೆಗೆ ಮಾತ್ರ ಇಂಥ ನಂಬರ್ ಸಾಕು. ಅಂಥ ಖಾತೆ ಬೇಕೇ ಎಂಬುದು ಬೇರೆ ಮಾತು.

ಪ್ರಶ್ನೆ: ದುಡ್ಡು ಕೊಟ್ಟು ಇಪ್ಪತ್ತು ನಿಮಿಷಕ್ಕೆ ನಂಬರ್ ತೆಗೆದುಕೊಂಡೆ. ಒಂದು ಕಡೆ ‘ಈ ನಂಬರ್ ಬಳಸಲಾಗದು’ ಎಂದು ಬಂತು, ಇನ್ನೊಂದು ಕಡೆ ಕೋಡ್ ಬರಲೇ ಇಲ್ಲ. ಮೂರ್ನಾಲ್ಕು ನಂಬರ್ ಬದಲಿಸಿದರೂ ಅದೇ ಕಥೆ. ಏಕೆ? (ಮೈಸೂರು)

ಉತ್ತರ: ಇವು ಎರಡೂ ಬೇರೆ ಬೇರೆ ತೊಂದರೆಗಳು.

‘ಬಳಸಲಾಗದು’ ಎಂದರೆ ನಂಬರ್ ಬಾಗಿಲಲ್ಲೇ ತಿರಸ್ಕೃತವಾಗಿದೆ. ದೊಡ್ಡ ಕಂಪನಿಗಳು ಕೋಡ್ ಕಳಿಸುವ ಮೊದಲು ನಂಬರಿನ ಜಾತಕ ನೋಡುತ್ತವೆ: ಅದು ಮೊಬೈಲೋ, ಸ್ಥಿರ ದೂರವಾಣಿಯೋ, ಇಂಟರ್‌ನೆಟ್ ಮೇಲೆ ಓಡುವ ವಿಒಐಪಿ ನಂಬರೋ ಎಂಬುದು ನಂಬರ್ ಹಂಚಿಕೆಯ ದತ್ತಾಂಶದಿಂದ ಕ್ಷಣದಲ್ಲಿ ತಿಳಿಯುತ್ತದೆ. ವಿಒಐಪಿ ಆಗಿದ್ದರೆ ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಮೊಬೈಲ್ ನಂಬರೇ ಆದರೂ ಒಂದು ನಂಬರಿಗೆ ಇಷ್ಟೇ ಖಾತೆ ಎಂಬ ಮಿತಿಯಿರುತ್ತದೆ. ಪರಿಶೀಲನೆಗೆ ಈ ನಂಬರ್ ತೀರಾ ಹೆಚ್ಚು ಸಲ ಬಳಕೆಯಾಗಿದೆ ಎಂದು ಗೂಗಲ್ ಹೇಳುವುದು ಇದೇ ಕಾರಣಕ್ಕೆ. ಬಾಡಿಗೆ ನಂಬರ್ ನಿಮಗಿಂತ ಮೊದಲು ಎಷ್ಟೋ ಕೈ ದಾಟಿ ಬಂದಿರುತ್ತದೆ.

ಕೋಡ್ ಬಾರದಿರಲು ಕಾರಣಗಳು ಬೇರೆ. ಅಮೆರಿಕದಂಥ ಕಡೆ ಒಟಿಪಿಗಳು ಶಾರ್ಟ್ ಕೋಡ್ ಎಂಬ ಐದಾರು ಅಂಕಿಯ ಕಿರು ನಂಬರಿನಿಂದ ಬರುತ್ತವೆ, ಅನೇಕ ವರ್ಚುವಲ್ ನಂಬರುಗಳಿಗೆ ಅವು ತಲುಪುವುದೇ ಇಲ್ಲ. ಟೆಲಿಗ್ರಾಂನಲ್ಲಿ ಆ ನಂಬರಿನ ಖಾತೆ ಮೊದಲೇ ಬೇರೆಲ್ಲೋ ತೆರೆದಿದ್ದರೆ ಕೋಡ್ ಎಸ್ಎಂಎಸ್ ಆಗಿ ಬರದೆ ಆ ಇನ್ನೊಂದು ಫೋನಿನ ಆ್ಯಪ್‌ಗೆ ಹೋಗುತ್ತದೆ. ನೀವು ಇತ್ತ ಕಾಯುತ್ತ ಕೂರುತ್ತೀರಿ. ಕೆಲವು ಸೇವೆಗಳು ಕೋಡನ್ನು ಕರೆ ಮಾಡಿ ಓದಿ ಹೇಳುತ್ತವೆ, ಎಸ್ಎಂಎಸ್ ಮಾತ್ರ ಬರುವ ಬಾಡಿಗೆ ನಂಬರಿನಲ್ಲಿ ಅದೂ ಆಗದು. ‘ಮತ್ತೆ ಕಳಿಸಿ’ ಎಂದು ಪದೇ ಪದೇ ಒತ್ತಿದರೆ ಕಾಯುವ ಅವಧಿ ನಿಮಿಷದಿಂದ ಗಂಟೆಗೆ ಏರುತ್ತದೆ. ಅಷ್ಟರಲ್ಲಿ ನಿಮ್ಮ ಇಪ್ಪತ್ತು ನಿಮಿಷ ಮುಗಿದಿರುತ್ತದೆ. ಒಂದೇ ಫೋನಿನಿಂದ ನಂಬರ್ ಮೇಲೆ ನಂಬರ್ ಹಾಕಿದರೆ ಫೋನಿನ ಮೇಲೇ ಅನುಮಾನ ಬಂದು, ಕೊನೆಗೆ ಸ್ವಂತ ನಂಬರ್ ಕೊಟ್ಟರೂ ತಡೆಯುವುದುಂಟು. ಮೊದಲ ಎರಡು ನಂಬರ್ ಸೋತಾಗಲೇ ನಿಲ್ಲಿಸುವುದು ಲೇಸು.

ಪ್ರಶ್ನೆ: ಬ್ಯಾಂಕ್, ಯುಪಿಐ, ಆಧಾರ್‌ಗೆ ಇಂಥ ನಂಬರ್ ನಡೆಯುತ್ತದೆಯೇ? (ಕೊಪ್ಪಳ)

ಉತ್ತರ: ಇಲ್ಲ. ಯುಪಿಐ ಆ್ಯಪ್ ನೋಂದಣಿಯಾಗುವಾಗ ನಿಮ್ಮ ಫೋನಿನಲ್ಲಿರುವ ಸಿಮ್‌ನಿಂದಲೇ ಹೊರಗೆ ಒಂದು ಎಸ್ಎಂಎಸ್ ಕಳಿಸುತ್ತದೆ. ಸಿಮ್ ಕೈಯಲ್ಲಿಲ್ಲದಿದ್ದರೆ ಅದು ಹೋಗುವುದೇ ಇಲ್ಲ. ಆಧಾರ್ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಮಾತ್ರ.

ಪ್ರಶ್ನೆ: ಬಾಡಿಗೆ ನಂಬರಿನಲ್ಲಿ ವಾಟ್ಸಾಪ್, ಟೆಲಿಗ್ರಾಂ, ಜಿಮೇಲ್ ಮೂರನ್ನೂ ತೆರೆದು ತಿಂಗಳುಗಳಿಂದ ಬಳಸುತ್ತಿದ್ದೇನೆ. ನಂಬರ್ ಈಗ ನನ್ನ ಬಳಿ ಇಲ್ಲ. ಒಟಿಪಿ ಆದ ಮೇಲೆ ಕೇಳುವ ಎರಡು ಹಂತದ ಪಿನ್ ಹಾಕಿಕೊಂಡಿದ್ದೇನೆ, ಸಾಕಲ್ಲವೇ? (ಶಿವಮೊಗ್ಗ)

ಉತ್ತರ: ಸಾಲದು. ಪಿನ್ ಕಳ್ಳನನ್ನು ತಡಮಾಡಿಸುತ್ತದೆ, ಅಷ್ಟೆ. ಆ ನಂಬರ್ ಪಡೆದ ಹೊಸಬರು ವಾಟ್ಸಾಪ್‌ನಲ್ಲಿ ಆರಂಕಿಯ ಕೋಡ್ ಹಾಕಿದೊಡನೆ ನಿಮ್ಮ ಫೋನಿನಲ್ಲಿ ಖಾತೆ ಲಾಗೌಟ್ ಆಗುತ್ತದೆ. ಪಿನ್ ಗೊತ್ತಿಲ್ಲದಿದ್ದರೆ ಅವರು 7 ದಿನ ಕಾಯಬೇಕು, ಆಮೇಲೆ ಪಿನ್ ಇಲ್ಲದೆಯೇ ಒಳಗೆ ಹೋಗಬಹುದು. ನಿಮ್ಮ ಹಳೆಯ ಚಾಟ್ ಅವರಿಗೆ ಸಿಗುವುದಿಲ್ಲ, ನಿಜ. ಆದರೆ ನಿಮ್ಮ ಗುಂಪುಗಳಿಗೆ ಹೊಸದಾಗಿ ಬರುವ ಸಂದೇಶ ಅವರ ಕಡೆ ಹೋಗುತ್ತದೆ. ಟೆಲಿಗ್ರಾಂನಲ್ಲೂ ಪಾಸ್‌ವರ್ಡ್ ಗೊತ್ತಿಲ್ಲದವರು ಖಾತೆಯನ್ನೇ ಅಳಿಸಿ ಹೊಸದಾಗಿ ತೆರೆಯುವಂತೆ ಕೋರಬಹುದು.

ಲಾಗಿನ್ ಆಗಿಯೇ ಇದ್ದೀರಲ್ಲ, ಇವತ್ತೇ ಸರಿಪಡಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ‘ಚೇಂಜ್ ನಂಬರ್’ಗೆ ಹೋಗಿ ಹಳೆಯದನ್ನೂ ಹೊಸದನ್ನೂ ಬರೆಯಿರಿ. ಕೋಡ್ ಬರುವುದು ಹೊಸ ನಂಬರಿಗೆ, ಹಳೆಯ ನಂಬರ್ ಕೈಯಲ್ಲಿ ಇರಬೇಕಾಗಿಲ್ಲ. ಚಾಟ್, ಗುಂಪು ಎಲ್ಲ ಉಳಿಯುತ್ತವೆ. ಹೊಸ ನಂಬರಿನಲ್ಲಿ ಆಗಲೇ ವಾಟ್ಸಾಪ್ ಇದ್ದರೆ ಆ ಖಾತೆಯನ್ನು ಕಳೆದುಕೊಳ್ಳುತ್ತೀರಿ, ಅದನ್ನು ಮೊದಲು ನೋಡಿಕೊಳ್ಳಿ. ಟೆಲಿಗ್ರಾಂನಲ್ಲೂ ಸೆಟ್ಟಿಂಗ್ಸ್‌ನಲ್ಲಿ ಕಾಣುವ ನಂಬರಿನ ಮೇಲೆ ಒತ್ತಿದರೆ ಬದಲಿಸುವ ದಾರಿ ತೆರೆಯುತ್ತದೆ.

ಜಿಮೇಲ್‌ನಲ್ಲಿ ಕ್ರಮ ಮುಖ್ಯ. ಮೊದಲು ರಿಕವರಿ ಇಮೇಲ್ (ಖಾತೆ ಮರಳಿ ಪಡೆಯಲು ನೆರವಾಗುವ ಇನ್ನೊಂದು ವಿಳಾಸ) ಸೇರಿಸಿ. ನಂತರ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಬೆರಳಚ್ಚು, ಸ್ಕ್ರೀನ್ ಲಾಕ್‌ನಿಂದ ಲಾಗಿನ್ ಆಗುವ ಪಾಸ್‌ಕೀ ಹಾಕಿಕೊಳ್ಳಿ. ಗೂಗಲ್ ಕೊಡುವ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಇವೆಲ್ಲ ಆದ ಮೇಲೆ ಹಳೆಯ ನಂಬರ್ ತೆಗೆಯಿರಿ. ಮೊದಲೇ ತೆಗೆದರೆ, ಮಧ್ಯದಲ್ಲಿ ಗೂಗಲ್ ‘ನೀವೇ ಎಂದು ತೋರಿಸಿ’ ಎಂದಾಗ ತೋರಿಸಲು ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ, ಜೊತೆಗೆ ಸೀರೆ ಕುಚ್ಚು ಕಟ್ಟಿ ಮಾರುತ್ತೇನೆ. ಸ್ವಂತ ನಂಬರ್ ಎಲ್ಲರಿಗೂ ಕೊಟ್ಟು ರಾತ್ರಿ ಹತ್ತಕ್ಕೂ ಕರೆ. ವರ್ಚುವಲ್ ನಂಬರ್ ತೆಗೆದುಕೊಳ್ಳಲೇ? (ಹುಬ್ಬಳ್ಳಿ)

ಉತ್ತರ: ಬೇಡ ಮೇಡಂ. ನಿಮಗೆ ಬೇಕಿರುವುದು ಎರಡನೆಯ ನಂಬರ್, ತಾತ್ಕಾಲಿಕ ನಂಬರ್ ಅಲ್ಲ. ಗಿರಾಕಿಗಳು ಉಳಿಸಿಕೊಂಡ ನಂಬರ್ ಮೂರು ತಿಂಗಳಿಗೆ ಸತ್ತರೆ ವ್ಯಾಪಾರವೇ ಹೋಗುತ್ತದೆ.

ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಅದೇ ಸಾಕು. ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡು ಎಸ್‌ಟಿಡಿ ಕೋಡ್‌ನ ಸೊನ್ನೆ ಬಿಟ್ಟು ಆ ನಂಬರ್ ಕೊಡಿ, ಎಸ್ಎಂಎಸ್ ಬದಲು ‘ಕರೆ ಮಾಡಿ’ ಎಂಬುದನ್ನು ಆರಿಸಿ. ಫೋನ್ ರಿಂಗಾದಾಗ ಎತ್ತಿದರೆ ಕೋಡ್ ಓದಿ ಹೇಳುತ್ತದೆ. ಲ್ಯಾಂಡ್‌ಲೈನ್ ಇಲ್ಲದಿದ್ದರೆ ನಿಮ್ಮ ಹೆಸರಿನಲ್ಲೇ ಇನ್ನೊಂದು ಸಿಮ್ ಅಥವಾ ಇ-ಸಿಮ್ (ಫೋನಿನೊಳಗೇ ಇರುವ, ಚಿಪ್ ಹಾಕಬೇಕಿಲ್ಲದ ಸಿಮ್) ತೆಗೆದುಕೊಳ್ಳಿ. ಒಬ್ಬರ ಹೆಸರಿನಲ್ಲಿ 9 ಸಿಮ್‌ವರೆಗೆ ಇರಬಹುದು. ಹಳೆಯ ಕೀಪ್ಯಾಡ್ ಫೋನಿನಲ್ಲಿ ಹಾಕಿಟ್ಟರೂ ಒಟಿಪಿ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದೇ ವಾಟ್ಸಾಪ್‌ನೊಳಗೆ ಎರಡು ಖಾತೆ ಇಟ್ಟುಕೊಳ್ಳುವ ಸೌಲಭ್ಯ 2023ರಿಂದ ಇದೆ, ಎರಡನೆಯದರ ನೋಟಿಫಿಕೇಶನ್ ರಾತ್ರಿ ಮ್ಯೂಟ್ ಮಾಡಬಹುದು. ಅಂದಹಾಗೆ, ಮೆಸೇಜಿಂಗ್ ಆ್ಯಪ್‌ಗಳು ಫೋನಿನಲ್ಲಿರುವ ಸಿಮ್‌ಗೆ ಸದಾ ಜೋಡಣೆಯಾಗಿರಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ಆದ್ದರಿಂದ ವಾಟ್ಸಾಪ್ ಇರುವ ಫೋನಿನಲ್ಲೇ ಎರಡನೆಯ ಸಿಮ್ ಇಟ್ಟುಕೊಳ್ಳುವುದು ಹೆಚ್ಚು ಕ್ಷೇಮ.

ಎರಡನೆಯ ಸಿಮ್ ಸಾಯದಂತೆ ನೋಡಿಕೊಳ್ಳಬೇಕು. ಪ್ರೀಪೇಯ್ಡ್ ಸಿಮ್ 90 ದಿನ ಏನೂ ಬಳಕೆಯಾಗದೆ ಬಿದ್ದಿದ್ದರೆ ಕಂಪನಿ ನಿಲ್ಲಿಸಬಹುದು. ಬ್ಯಾಲೆನ್ಸ್ ಕನಿಷ್ಠ 20 ರೂಪಾಯಿ ಇದ್ದರೆ ಅದರಲ್ಲಿ ಹಣ ಮುರಿದುಕೊಂಡು ಕಂಪನಿ ಅವಧಿ ಮುಂದುವರಿಸಬೇಕು ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ. ಆದರೆ ಯೋಜನೆಯ ವ್ಯಾಲಿಡಿಟಿ ಮುಗಿದ ಮೇಲೆ ಒಳಬರುವ ಎಸ್ಎಂಎಸ್ ಕೂಡ ನಿಲ್ಲಬಹುದಾದ್ದರಿಂದ ಬರೀ ಬ್ಯಾಲೆನ್ಸ್ ನಂಬಿ ಕೂರಬೇಡಿ. ನಿಂತ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ಆಗ ನಿಮ್ಮ ಹಳೆಯ ಸಿಮ್ಮೂ ಬಾಡಿಗೆ ನಂಬರೂ ಒಂದೇ.

ಕರೆಯೇ ಬೇಡ, ಸಂದೇಶ ಸಾಕು ಎಂದಾದರೆ ಟೆಲಿಗ್ರಾಂ ಅಥವಾ ಸಿಗ್ನಲ್‌ನಲ್ಲಿ ಯೂಸರ್‌ನೇಮ್ ಮಾಡಿಕೊಂಡು ಅದನ್ನಷ್ಟೇ ಹಂಚಿ. ಸಿಗ್ನಲ್‌ನಲ್ಲಿ ಇದು 2024ರಲ್ಲಿ ಬಂತು. ಖಾತೆ ತೆರೆಯಲು ನಂಬರ್ ಬೇಕು, ಆದರೆ ಗಿರಾಕಿಗೆ ಕಾಣಿಸಬೇಕಿಲ್ಲ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಫೋನ್ ನಂಬರ್ ಎದುರು ‘ನೋಬಡಿ’ ಎಂದಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಕಾಲೇಜು ಓದುವ ಮಗನಿಗೆ ‘ನಿನ್ನ ನಂಬರಿಗೆ ಬರುವ ಒಟಿಪಿ ಹೇಳು, ಪ್ರತಿ ಖಾತೆಗೂ ಹಣ ಕೊಡುತ್ತೇವೆ’ ಎಂದು ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಹೇಳಿದ್ದಾರೆ. ಎರಡು ಸಲ ಕೊಟ್ಟಿದ್ದಾನಂತೆ. (ತುಮಕೂರು)

ಉತ್ತರ: ಹಲವು ಬಾಡಿಗೆ ನಂಬರುಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಆ ಖಾತೆಯಿಂದ ವಂಚನೆ ನಡೆದರೆ ಪೊಲೀಸರು ಮೊದಲು ತಟ್ಟುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲನ್ನು.

ಕೊಟ್ಟ ಒಟಿಪಿ ವಾಟ್ಸಾಪ್‌ನದಾಗಿದ್ದರೆ, ಮಗನ ಫೋನಿನಲ್ಲಿ ವಾಟ್ಸಾಪ್ ತೆರೆದು ಅದೇ ನಂಬರಿನಿಂದ ಮತ್ತೆ ನೋಂದಣಿ ಮಾಡಿಸಿ. ಅತ್ತ ಕಡೆಯ ಖಾತೆ ಆ ಕ್ಷಣವೇ ಹೊರಬೀಳುತ್ತದೆ. ಅವರು ಪಿನ್ ಹಾಕಿಟ್ಟಿದ್ದರೆ 7 ದಿನ ಕಾಯಬೇಕು, ಆದರೆ ಕೋಡ್ ಹಾಕಿದ ಕೂಡಲೇ ಅವರ ಕೈ ತಪ್ಪಿರುತ್ತದೆ. ಒಳಗೆ ಹೋದ ಮೇಲೆ ‘ಲಿಂಕ್ಡ್ ಡಿವೈಸಸ್’ ನೋಡಿ ಗುರುತಿಲ್ಲದ್ದನ್ನು ತೆಗೆಯಿರಿ, ನಿಮ್ಮದೇ ಪಿನ್ ಹಾಕಿ. ಬೇರೆ ಯಾವ ಆ್ಯಪ್‌ಗೆ ಒಟಿಪಿ ಕೊಟ್ಟಿದ್ದಾನೆ ಎಂಬುದನ್ನು ಎಸ್ಎಂಎಸ್ ಪಟ್ಟಿಯಲ್ಲಿ ಹುಡುಕಿ ಅಲ್ಲೂ ಇದನ್ನೇ ಮಾಡಿ. ಸಂದೇಶಗಳನ್ನು ಅಳಿಸಬೇಡಿ, ಗುಂಪಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಅವನ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ, ಅವನದಲ್ಲದ್ದು ಕಂಡರೆ ‘ನನ್ನದಲ್ಲ’ ಎಂದು ದಾಖಲಿಸಿ. ಹಣದ ವಂಚನೆಯ ಸುಳಿವಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಿ.

ಇನ್ನು ‘ಸಿಮ್ಮನ್ನೇ ತೆಗೆಸಿಕೊಡು’ ಎಂದರೆ ಮಾತು ಅಲ್ಲಿಗೇ ಮುಗಿಸಲು ಹೇಳಿ. ಮೋಸದಿಂದಲೋ ಬೇರೆಯವರ ಸೋಗಿನಲ್ಲೋ ಸಿಮ್ ಪಡೆಯುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಬೆಂಗಳೂರಿನ ಬ್ಯಾಂಕಿನ ಒಟಿಪಿಗಾಗಿ +91 ವರ್ಚುವಲ್ ನಂಬರ್ ಕೊಳ್ಳಬಹುದೇ?

ಉತ್ತರ: ಜಾಲದಲ್ಲಿ ಬಾಡಿಗೆಗೆ ಸಿಗುವ +91 ನಂಬರಿನ ಹಿಂದೆ ಸಾಮಾನ್ಯವಾಗಿ ಯಾರದೋ ಹೆಸರಿನ ಸಿಮ್ ಇರುತ್ತದೆ. ಅದಕ್ಕೆ ಬ್ಯಾಂಕ್ ಒಟಿಪಿ ಕಳಿಸಿಕೊಳ್ಳುವುದು ಬೇಡ. ಅನಿವಾಸಿ ಭಾರತೀಯರ ಎನ್ಆರ್‌ಇ, ಎನ್ಆರ್‌ಒ ಖಾತೆಗೆ ಅಮೆರಿಕದ ನಂಬರನ್ನೇ ನೋಂದಾಯಿಸಲು ಹಲವು ಬ್ಯಾಂಕುಗಳು ಬಿಡುತ್ತವೆ. ಅಂಥ ಖಾತೆಗಳಿಗೆ ಹೊರದೇಶದ ನಂಬರಿನಲ್ಲೇ ಯುಪಿಐ ಕೊಡಬಹುದೆಂದು ಅದನ್ನು ನಡೆಸುವ ಸಂಸ್ಥೆ ಎನ್‌ಪಿಸಿಐ 2023ರ ಜನವರಿಯಲ್ಲಿ ಹತ್ತು ದೇಶಗಳನ್ನು ಹೆಸರಿಸಿತು, ಅಮೆರಿಕ ಅದರಲ್ಲಿದೆ. ನಿಮ್ಮ ಬ್ಯಾಂಕ್ ಸೇರಿದೆಯೇ ಎಂದು ಕೇಳಿ.

ಭಾರತದ ನಂಬರನ್ನೇ ಉಳಿಸಿಕೊಳ್ಳುವುದಾದರೆ ಮುಂದಿನ ಸಲ ಊರಿಗೆ ಬಂದಾಗ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ. ಅಲ್ಲಿ ಡೇಟಾ ರೋಮಿಂಗ್ ಆಫ್ ಇಡಿ, ಬರುವ ಕರೆ ಎತ್ತಬೇಡಿ. ಒಳಬರುವ ಎಸ್ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಎತ್ತಿದ ಕರೆಗೆ ಉಂಟು. ಸಿಮ್ಮನ್ನು ಇ-ಸಿಮ್‌ಗೆ ಬದಲಿಸುವ ಯೋಚನೆಯಿದ್ದರೆ ವಿಮಾನ ಹತ್ತುವ ದಿನ ಮಾಡಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಎಂಎಸ್ ತಡೆಹಿಡಿಯುವ ನಿಯಮವಿದೆ.

ಪ್ರಶ್ನೆ: ಅಂಗಡಿಯಲ್ಲಿ ಬಿಲ್ ಹಾಕುವಾಗ ನಂಬರ್ ಕೇಳುತ್ತಾರೆ. ಅದಕ್ಕಾದರೂ ತಾತ್ಕಾಲಿಕ ನಂಬರ್ ಕೊಡಬಹುದಲ್ಲ? (ಮಂಗಳೂರು)

ಉತ್ತರ: ‘ಕೊಡುವುದಿಲ್ಲ’ ಎಂದರೆ ಸಾಕು. ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಬಾಯಿಗೆ ಬಂದ ಹತ್ತು ಅಂಕಿ ಹೇಳುವವರೂ ಇದ್ದಾರೆ. ಆ ನಂಬರ್ ಇನ್ಯಾರದೋ ಆಗಿರುತ್ತದೆ, ಜಾಹೀರಾತು ಅವರ ತಲೆಗೆ.

ಪ್ರಶ್ನೆ: ಎಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ಒಟಿಪಿ ಲಾಗಿನ್ ಇರುವ ಆ್ಯಪ್ ಮಾಡುತ್ತಿದ್ದೇವೆ. ಪರೀಕ್ಷಿಸಲು ಏಳೆಂಟು ನಂಬರ್ ಬೇಕು. (ಬೆಳಗಾವಿ)

ಉತ್ತರ: ಒಂದನ್ನೂ ಕೊಳ್ಳಬೇಡಿ. ಗೂಗಲ್‌ನ ಆ್ಯಪ್ ತಯಾರಿಕೆಯ ವೇದಿಕೆ ಫೈರ್‌ಬೇಸ್ ಬಳಸುತ್ತಿದ್ದರೆ ಅದರ ಕನ್ಸೋಲ್‌ನಲ್ಲಿ ಅಥೆಂಟಿಕೇಶನ್, ಸೈನ್-ಇನ್ ಮೆಥಡ್, ಫೋನ್ ಎಂಬಲ್ಲಿಗೆ ಹೋಗಿ. ಪರೀಕ್ಷೆಗೆಂದೇ ಹತ್ತು ಕಾಲ್ಪನಿಕ ನಂಬರ್ ಸೇರಿಸಲು ಅಲ್ಲಿ ಜಾಗವಿದೆ. ಪ್ರತಿಯೊಂದಕ್ಕೂ ಆರಂಕಿಯ ಕೋಡ್ ನೀವೇ ಬರೆದಿಡಿ. ಎಸ್ಎಂಎಸ್ ಹೋಗುವುದೇ ಇಲ್ಲ, ಆ ಕೋಡ್ ಹಾಕಿದರೆ ಲಾಗಿನ್ ಆಗುತ್ತದೆ. ಯಾರೂ ಊಹಿಸಲಾಗದ ಕೋಡ್ ಇಡಿ, ಆ್ಯಪ್ ಬಿಡುಗಡೆಗೆ ಮೊದಲು ಆ ನಂಬರುಗಳನ್ನು ಅಳಿಸಿ. ಮುಂದೆ ಸ್ಥಳೀಯ ಎಸ್ಎಂಎಸ್ ಸೇವೆಯ ಮೂಲಕ ನಿಮ್ಮದೇ ಹೆಸರಿನಲ್ಲಿ ಒಟಿಪಿ ಕಳಿಸುವುದಾದರೆ ಇಂಥ ಎಸ್ಎಂಎಸ್ ಕಳಿಸುವವರನ್ನು ದಾಖಲಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಸಂಸ್ಥೆ, ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಗುರುತು), ಸಂದೇಶದ ನಮೂನೆ ಮೂರನ್ನೂ ನೋಂದಾಯಿಸಬೇಕು. ನಮೂನೆಗೂ ಕಳಿಸಿದ ಸಂದೇಶಕ್ಕೂ ಹೊಂದಿಕೆಯಾಗದಿದ್ದರೆ ಒಟಿಪಿ ದಾರಿಯಲ್ಲೇ ನಿಲ್ಲುತ್ತದೆ. ನಿಮ್ಮ ಕೋಡಿನಲ್ಲಿ ತಪ್ಪು ಹುಡುಕುವ ಮೊದಲು ಅದನ್ನು ನೋಡಿ.