ಮೂರು ಬೇರೆ ಬೇರೆ ಕ್ಲಬ್‌ಗಳ ಪರ ಯುರೋಪಿನ ದೊಡ್ಡ ಫುಟ್‌ಬಾಲ್ ಕಪ್ ಚಾಂಪಿಯನ್ಸ್ ಲೀಗ್ ಗೆದ್ದ ಆಟಗಾರ ಯಾರು?

ಕ್ಲಾರೆನ್ಸ್ ಸೀಡಾರ್ಫ್. ನೆದರ್ಲೆಂಡ್ಸ್‌ನ ಮಿಡ್‌ಫೀಲ್ಡರ್, ಹುಟ್ಟಿದ್ದು 1976ರಲ್ಲಿ ಸುರಿನಾಮ್‌ನಲ್ಲಿ. 1995ರಲ್ಲಿ ಅಯಾಕ್ಸ್, 1998ರಲ್ಲಿ ರಿಯಲ್ ಮ್ಯಾಡ್ರಿಡ್, 2003 ಮತ್ತು 2007ರಲ್ಲಿ ಎಸಿ ಮಿಲಾನ್ ಪರ ಈ ಕಪ್ ಗೆದ್ದರು.

ಅಯಾಕ್ಸ್‌ನ ಸೀನಿಯರ್ ತಂಡಕ್ಕೆ ಬಂದಾಗ ಅವರಿಗೆ ಬರೀ 16 ವರ್ಷ. ಅಲ್ಲಿಂದ ಇಟಲಿಯ ಸಾಂಪ್ಡೋರಿಯಾದಲ್ಲಿ ಒಂದೇ ಸೀಸನ್ ಆಡಿ ಮ್ಯಾಡ್ರಿಡ್‌ಗೆ ಹೋದರು. ಆಮೇಲೆ ಇಂಟರ್ ಮಿಲಾನ್. ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

2002ರಲ್ಲಿ ಇಂಟರ್‌ನವರು ಫ್ರಾನ್ಸೆಸ್ಕೊ ಕೊಕೊ ಅವರನ್ನು ತಗೊಂಡು ಸೀಡಾರ್ಫ್‌ರನ್ನು ಅದೇ ಊರಿನ ಎದುರಾಳಿ ಎಸಿ ಮಿಲಾನ್‌ಗೆ ಕೊಟ್ಟುಬಿಟ್ಟರು. ಇಂಥ ನಷ್ಟದ ವ್ಯಾಪಾರ ಫುಟ್‌ಬಾಲ್‌ನಲ್ಲಿ ಕಡಿಮೆ ಅಂತಲೇ ನನಗನಿಸುತ್ತದೆ. ಅದರ ಬಿಸಿ 2004ರ ಫೆಬ್ರವರಿಯ ಡರ್ಬಿಯಲ್ಲಿ, ಅಂದ್ರೆ ಈ ಎರಡು ಕ್ಲಬ್‌ಗಳ ಪಂದ್ಯದಲ್ಲಿ, ಚೆನ್ನಾಗಿಯೇ ತಟ್ಟಿತು. ಇಂಟರ್ 2-0 ಮುಂದಿತ್ತು. ಎಸಿ ಮಿಲಾನ್‌ನ ಟೊಮಾಸನ್, ಕಾಕಾ ಒಂದೊಂದು ಗೋಲು ಹೊಡೆದು ಸಮ ಮಾಡಿದರು. ಪಂದ್ಯ ಮುಗಿಯೋಕೆ ಕೆಲವೇ ನಿಮಿಷ ಇದ್ದಾಗ ಸೀಡಾರ್ಫ್ ದೂರದಿಂದಲೇ ಬಾರಿಸಿದ ಚೆಂಡು ಸೀದಾ ಬಲೆಗೆ. 3-2!

ಹಾಗಂತ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಪೆನಾಲ್ಟಿ ಅಂದ್ರೆ ಅವರಿಗೆ ಅಷ್ಟಕ್ಕಷ್ಟೇ. ಯುರೋಪಿನ ದೇಶಗಳ ಟೂರ್ನಿ ಯೂರೋದ 1996ರ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು ಪಂದ್ಯ ಸಮವಾಗಿ ನಡೆದ ಪೆನಾಲ್ಟಿ ಶೂಟೌಟ್‌ನಲ್ಲಿ ಅವರ ಕಿಕ್ ತಡೆಯಲಾಯಿತು, ನೆದರ್ಲೆಂಡ್ಸ್ ಹೊರಬಿತ್ತು. 2003ರ ಚಾಂಪಿಯನ್ಸ್ ಲೀಗ್ ಫೈನಲ್ ಶೂಟೌಟ್‌ನಲ್ಲೂ ಅದೇ ಕಥೆ, ಆದರೆ ಆ ಸಲ ತಂಡ ಗೆದ್ದಿತು. ದೇಶದ ಪರ 87 ಪಂದ್ಯ ಆಡಿದರೂ ದೊಡ್ಡ ಕಪ್ ಒಂದೂ ಸಿಗಲಿಲ್ಲ.

ಮಿಲಾನ್‌ನಲ್ಲಿ ಹತ್ತು ವರ್ಷ ಕಳೆದು, 2012ರಲ್ಲಿ ಬ್ರೆಜಿಲ್‌ನ ಬೊಟಾಫೊಗೊ ಸೇರಿದರು. 2014ರ ಜನವರಿಯಲ್ಲಿ ಆಟ ಬಿಟ್ಟು ನೇರ ಮಿಲಾನ್ ಕೋಚ್ ಆದರು. ಆ ಕೆಲಸ ಆರು ತಿಂಗಳೂ ಉಳಿಯಲಿಲ್ಲ ಬಿಡಿ.