ಹಸಿರು ಹಿಡುವಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ತಂದೆಯವರಿಂದ ಬಂದ ನಾಲ್ಕು ಎಕರೆ ಮಾಲ್ಕಿ ಜಾಗ ನಮಗಿದೆ. ಎರಡು ಎಕರೆಯಲ್ಲಿ ಅವರು 12 ವರ್ಷಗಳ ಹಿಂದೆ ಎಂಟು ಅಡಿ ಅಂತರದಲ್ಲಿ ಅಕೇಶಿಯಾ ನೆಟ್ಟಿದ್ದರು. ಉಳಿದ ಎರಡು ಎಕರೆಯಲ್ಲಿ ಮತ್ತಿ, ಹೊನ್ನೆ, ನಂದಿ, ಹೆಬ್ಬಲಸು ತಾವಾಗಿಯೇ ಬೆಳೆದಿವೆ. ವ್ಯಾಪಾರಿಯೊಬ್ಬರು ಎಲ್ಲ ಮರಗಳನ್ನೂ ಒಂದೇ ಮೊತ್ತಕ್ಕೆ ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಾನು ತಿಂಗಳಿಗೊಮ್ಮೆ ಮಾತ್ರ ಬರಬಲ್ಲೆ. ಮಾರಿಬಿಡುವುದು ಸರಿಯೇ?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಒಂದೇ ಮೊತ್ತಕ್ಕೆ ದಯವಿಟ್ಟು ಕೊಡಬೇಡಿ. ಎಂಟು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 680 ಗಿಡಗಳು ಹಿಡಿಯುತ್ತವೆ. ಅವುಗಳಲ್ಲಿ ಈಗ ಎಷ್ಟು ಉಳಿದಿವೆ, ಎಷ್ಟು ನೆಟ್ಟಗಿವೆ, ಎಷ್ಟು ನೆರಳಿಗೆ ಸಿಕ್ಕಿ ಸೊರಗಿವೆ ಎಂಬುದು ತಿಳಿಯದೆ ಒಪ್ಪುವ ಬೆಲೆ ನಿಮ್ಮ ಬೆಲೆಯಾಗುವುದಿಲ್ಲ, ಕೊಳ್ಳುವವರ ಬೆಲೆಯಾಗುತ್ತದೆ. ಮುಂದಿನ ಸಲ ಊರಿಗೆ ಬಂದಾಗ ಅಳತೆಯ ಟೇಪು ಮತ್ತು ಸುಣ್ಣದ ಡಬ್ಬಿ ಹಿಡಿದು ಒಂದಿಡೀ ದಿನ ಮರದಿಂದ ಮರಕ್ಕೆ ನಡೆಯಿರಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಪ್ರತಿ ಮರದ ಸುತ್ತಳತೆ ತೆಗೆದು ಬರೆದುಕೊಳ್ಳಿ. ತೆಗೆಯಬೇಕಾದ ಮರಕ್ಕೆ ಮಾತ್ರ ಗುರುತು ಹಾಕಿ.

ಅಕೇಶಿಯಾದಲ್ಲಿ ಈ ವರ್ಷ ಮೂರರಲ್ಲಿ ಒಂದು ಪಾಲು ತೆಗೆದರೆ ಸಾಕು. ಸೊಟ್ಟಗಿರುವವು, ಬುಡದಲ್ಲೇ ಕವಲೊಡೆದವು, ಪಕ್ಕದ ಮರದ ಕೆಳಗೆ ಸಿಕ್ಕಿಕೊಂಡವು ಮೊದಲು ಹೋಗಲಿ. ಒತ್ತಾಗಿ ಬೆಳೆದ ತೋಪನ್ನು ಒಮ್ಮೆಲೇ ತೀರಾ ತೆಳುವು ಮಾಡಿದರೆ, ಇಷ್ಟು ವರ್ಷ ಒಂದರ ಆಸರೆಯಲ್ಲಿ ಇನ್ನೊಂದು ನಿಂತಿದ್ದು ಈಗ ಉಳಿದ ಮರಗಳು ಮಳೆಗಾಲದ ಗಾಳಿಗೆ ಮುರಿದು ಬೀಳುತ್ತವೆ. ಆದ್ದರಿಂದ ಎರಡು ಮಳೆಗಾಲ ಕಳೆದ ಮೇಲೆಯೇ ಎರಡನೆಯ ಪಾಲಿಗೆ ಕೈಹಾಕಿ. ಕಡಿಯುವ ಮೊದಲು ಅವುಗಳ ಬುಡವನ್ನು ಬಗ್ಗಿ ನೋಡಿ. ಪಕ್ಕದಲ್ಲೇ ಕಾಡು ಇರುವುದರಿಂದ, ಹಕ್ಕಿಗಳು ತಂದು ಹಾಕಿದ ಬೀಜಗಳಿಂದ ನೇರಳೆ, ಮುರುಗಲು, ದಾಲ್ಚಿನ್ನಿಯ ಸಸಿಗಳು ಅಲ್ಲಿ ಎದ್ದಿರುವ ಸಂಭವ ಹೆಚ್ಚು. ಅಂಥ ಪ್ರತಿ ಸಸಿಯ ಪಕ್ಕದಲ್ಲಿ ಒಂದು ಕೋಲು ನೆಟ್ಟು, ಮರ ಉರುಳಿಸುವವರಿಗೆ ತೋರಿಸಿಡಿ. ಸೂರ್ಯನ ಬೆಳಕು ನೆಲಕ್ಕೆ ಬಿದ್ದೊಡನೆ ಈ ಸಸಿಗಳು ಮೇಲೇಳುತ್ತವೆ, ಅವುಗಳೊಂದಿಗೆ ಅಕೇಶಿಯಾದ ಬೀಜಗಳೂ ರಾಶಿಯಾಗಿ ಮೊಳೆಯುತ್ತವೆ. ಮೊದಲ ಮಳೆಗೆ ನೆಲ ಮೆತ್ತಗಿರುವಾಗಲೇ ಅಕೇಶಿಯಾ ಸಸಿಗಳನ್ನು ಕಿತ್ತುಹಾಕಿದರೆ ಹತ್ತು ವರ್ಷಗಳಲ್ಲಿ ಆ ಎರಡು ಎಕರೆಯೂ ಪಕ್ಕದ ಎರಡು ಎಕರೆಯಂತೆಯೇ ಆಗುವ ದಾರಿ ಹಿಡಿಯುತ್ತದೆ. ನನ್ನ ಮಟ್ಟಿಗೆ, ಅಕೇಶಿಯಾ ಕೊಡುವ ಹಣಕ್ಕಿಂತ ಅದರ ನೆರಳಿನಲ್ಲಿ ಎದ್ದ ಈ ಸಸಿಗಳೇ ನಿಮ್ಮ ತಂದೆಯವರು ಬಿಟ್ಟುಹೋದ ದೊಡ್ಡ ಆಸ್ತಿ.

ಮಾರಾಟದ ಲೆಕ್ಕವನ್ನು ಸ್ವತಃ ತಿಳಿದಿರಿ. ದಪ್ಪ ನಾಟಾವನ್ನು ಅಳೆಯುವಾಗ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವ ಹಳೆಯ ಪದ್ಧತಿಯಿದೆ. ನಾಲ್ಕು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿಯಾಗುತ್ತದೆ. ಅದರ ನಿಜವಾದ ಗಾತ್ರ 12.7 ಘನ ಅಡಿ. ದಿಮ್ಮಿಯನ್ನು ಕೊಯ್ಯುವಾಗ ಆಗುವ ನಷ್ಟ ಆ ವ್ಯತ್ಯಾಸದಲ್ಲೇ ಸೇರಿದೆ. ಹೀಗಿರುವಾಗ ಅದೇ ನಷ್ಟದ ಹೆಸರಿನಲ್ಲಿ ಇನ್ನೊಂದು ಸಲ ಕಳೆಯಲು ಬಂದರೆ ನೀವು ಒಪ್ಪಬೇಕಾಗಿಲ್ಲ.

ತಾವಾಗಿ ಬೆಳೆದ ಮರಗಳ ವಿಷಯ ಬೇರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಜಮೀನಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಗಾಳಿಮರದಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದ್ದರೂ ಆ ಪಟ್ಟಿ ತಿದ್ದುಪಡಿಗೊಳ್ಳುತ್ತ ಬಂದಿರುವುದರಿಂದ, ಅಕೇಶಿಯಾಕ್ಕೆ ಈಗಿನ ನಿಯಮವೇನು, ಸಾಗಣೆಗೆ ರಹದಾರಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಪಹಣಿಯನ್ನೂ ಒಮ್ಮೆ ಓದಿ ನೋಡಿ. ಮಲೆನಾಡಿನಲ್ಲಿ ತೋಟಕ್ಕೆ ಸೊಪ್ಪು ತರಲು ಮನೆತನದವರು ತಲೆತಲಾಂತರದಿಂದ ಅನುಭವಿಸಿಕೊಂಡು ಬಂದ ಸೊಪ್ಪಿನಬೆಟ್ಟವು ಹಿಡುವಳಿ ಜಮೀನಲ್ಲ. “ಎಲ್ಲ ಕಾಗದ ನಾನೇ ಮಾಡಿಸುತ್ತೇನೆ” ಎನ್ನುವವರಿಗೆ ಖಾಲಿ ಅರ್ಜಿಯ ಮೇಲೆ ಸಹಿ ಹಾಕಿಕೊಡಬೇಡಿ.

ತಿಂಗಳಿಗೊಂದು ಭೇಟಿಯಲ್ಲಿ ಕಾಡನ್ನು ನೋಡಿಕೊಳ್ಳಬಹುದು. ಗಡಿಯುದ್ದಕ್ಕೂ ಮೂರು ಅಡಿ ಅಗಲದ ಕಾಲುದಾರಿ ಮಾಡಿಕೊಂಡು ಪ್ರತಿ ಸಲವೂ ಅದರಲ್ಲಿ ಪೂರ್ತಿ ಸುತ್ತು ಬನ್ನಿ. ಡಿಸೆಂಬರ್ ಮುಗಿಯುವುದರೊಳಗೆ ಆ ದಾರಿಯ ಬದಿಯ ಒಣಹುಲ್ಲನ್ನು ಸವರಿ, ಹತ್ತು ಅಡಿ ಅಗಲಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸಿ ತೆಗೆಸಿದರೆ ಅದೇ ಬೆಂಕಿರೇಖೆಯಾಗುತ್ತದೆ. ಗುಡಿಸಿದ ದರಕನ್ನು ಅಡಿಕೆ ತೋಟದವರು ಸಂತೋಷದಿಂದ ಒಯ್ಯುತ್ತಾರೆ. ಲಂಟಾನವನ್ನು ಬುಡಸಮೇತ ಕೀಳಿಸಿ. ಆದರೆ ಒಣಗಿ ನಿಂತ ಮರ, ಪೊಟರೆಯಿರುವ ಮುದಿ ಮರ ಕಂಡಕೂಡಲೇ ಕಡಿಸಬೇಡಿ. ಬೇಸಿಗೆಯ ತಿಂಗಳುಗಳಲ್ಲಿ ಮಂಗಟ್ಟೆ ಹಕ್ಕಿಯ ಹೆಣ್ಣು ಅಂಥ ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು ಒಳಗೆ ಕುಳಿತು ಮೊಟ್ಟೆಯಿಡುತ್ತದೆ, ಗಂಡು ಹಣ್ಣು ತಂದು ಸಣ್ಣ ಸೀಳಿನಿಂದ ತಿನ್ನಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ದೂರದಲ್ಲಿ ಸದ್ದಿಲ್ಲದೆ ಕುಳಿತು ಅದನ್ನು ನೋಡಿ. ಮಕ್ಕಳಿಗೆ ತಲಾ ಹತ್ತು ಮರಗಳನ್ನು ವಹಿಸಿಕೊಟ್ಟು, ಪ್ರತಿ ವರ್ಷ ಅದೇ ತಿಂಗಳಲ್ಲಿ ಸುತ್ತಳತೆ ಬರೆಸಿ. ಯಾವ ಮರ ಬೆಳೆಯುತ್ತಿದೆ, ಯಾವುದು ನಿಂತುಬಿಟ್ಟಿದೆ ಎಂಬುದು ಆ ಪುಸ್ತಕದಿಂದಲೇ ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಜಾಗದಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧದ ಗಿಡಗಳಿವೆ. ಅವು ಸರ್ಕಾರಕ್ಕೆ ಸೇರಿದವೇ? ಸುತ್ತಲಿನ ಪೊದೆಗಳನ್ನು ಸವರಬಹುದೇ?
— ಓದುಗರೊಬ್ಬರು, ಸೊರಬ ತಾಲ್ಲೂಕು

ಉತ್ತರ: ಕರ್ನಾಟಕ ಅರಣ್ಯ ಅಧಿನಿಯಮಕ್ಕೆ ಆದ 2001ರ ತಿದ್ದುಪಡಿಯ ನಂತರ ಸ್ವಂತ ಜಮೀನಿನ ಶ್ರೀಗಂಧಕ್ಕೆ ಜಮೀನಿನ ಒಡೆಯರೇ ಒಡೆಯರು, ಕಡಿಯುವುದಕ್ಕೆ ಅನುಮತಿ ಬೇಕು, ಮಾರಾಟಕ್ಕೂ ನಿರ್ಬಂಧಗಳಿವೆ. ಪೊದೆಗಳನ್ನು ಸವರಬೇಡಿ. ಶ್ರೀಗಂಧವು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ನೀರು ಮತ್ತು ಪೋಷಕಾಂಶಗಳನ್ನು ಪಡೆಯುವ ಮರವಾದ್ದರಿಂದ, ಸುತ್ತಲೂ ಬೋಳು ಮಾಡಿದರೆ ಅದು ಸೊರಗುತ್ತದೆ. ಮುಳ್ಳಿನ ಪೊದೆಯಿದ್ದರೆ ದನಗಳ ಬಾಯಿಯಿಂದಲೂ ಅದು ಎಳೆಯ ಗಿಡವನ್ನು ಕಾಯುತ್ತದೆ. ನೆತ್ತಿಗೆ ಬಿಸಿಲು ತಾಗುವಷ್ಟು ಮೇಲಿನ ರೆಂಬೆಗಳನ್ನು ಬಿಡಿಸಿಕೊಟ್ಟರೆ ಸಾಕು.